ಬಿಯರ್ಡೆಡ್ ಡ್ರ್ಯಾಗನ್ ಮಲಗಿಬಿಟ್ಟರೆ ಗಾಬರಿಯೂ ಬೇಡ, ಮರೆವೂ ಬೇಡ

ನಿಮ್ಮ ಮನೆಯ ಬಿಯರ್ಡೆಡ್ ಡ್ರ್ಯಾಗನ್ ಎರಡು ದಿನದಿಂದ ಎದ್ದಿಲ್ಲ. ಮರದ ತುಂಡಿನ ಹಿಂದೆ ಮುಖ ಮೂಲೆಗೆ ಒತ್ತಿಕೊಂಡು ಬಿದ್ದಿದೆ. ಅದರ ಇಷ್ಟದ ಹುಳು ಮುಂದೆ ಬಿಟ್ಟರೂ ಕಣ್ಣು ಬಿಡುತ್ತಿಲ್ಲ. ಇಂಥ ಹೊತ್ತಿನಲ್ಲಿ ನೀವು ಮಾಡುವುದು ಎರಡರಲ್ಲಿ ಒಂದು. ಒಂದೋ ಅದನ್ನು ಎತ್ತಿ ಅಲುಗಾಡಿಸಿ, ನೀರಿಗಿಳಿಸಿ, ಬಾಯಿ ಬಿಡಿಸಿ ತಿನಿಸು ತುರುಕಿ, ಮನೆಮಂದಿಯೆಲ್ಲ ಸುತ್ತ ನಿಂತು ಎಬ್ಬಿಸಲು ನೋಡುತ್ತೀರಿ. ಇಲ್ಲವೇ ‘ಚಳಿಗಾಲ ಅಲ್ವಾ, ನಿದ್ದೆ ಮಾಡ್ತಿದೆ ಬಿಡಿ’ ಎಂದು ತಿಂಗಳುಗಟ್ಟಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಎರಡೂ ತಪ್ಪು. ನಿಮಗೆ ಅದರ ಮೇಲೆ ಪ್ರೀತಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರೀತಿ ಇಲ್ಲದವರು ಇಷ್ಟು ಗಾಬರಿಯಾಗುವುದೂ ಇಲ್ಲ. ಆದರೆ ಈ ಪ್ರಾಣಿಯನ್ನು ಸಾಕಲು ಪ್ರೀತಿಯ ಜೊತೆಗೆ ಒಂದು ಒಳ್ಳೆಯ ಥರ್ಮಾಮೀಟರು, ಒಂದು ತಕ್ಕಡಿ, ಒಂದು ನೋಟ್‌ಬುಕ್ ಕೂಡ ಬೇಕು. ಆ ಮೂರೂ ನಿಮ್ಮ ಮನೆಯಲ್ಲಿವೆಯೇ? ಇಲ್ಲದಿದ್ದರೆ ಈ ವಾರವೇ ತನ್ನಿ.

ಸಿಡ್ನಿ, ಮೆಲ್ಬರ್ನ್, ಡಲ್ಲಾಸ್, ನ್ಯೂಜೆರ್ಸಿ ಕಡೆ ನೆಲೆಸಿರುವ ನಮ್ಮವರ ಮನೆಗಳಲ್ಲಿ ಈಗ ಈ ಪ್ರಾಣಿ ಅಪರೂಪವಲ್ಲ. ಮಕ್ಕಳು ನಾಯಿ ಬೇಕು ಅನ್ನುತ್ತಾರೆ, ಬಾಡಿಗೆ ಮನೆಯವರು ನಾಯಿ ಕೂಡದು ಅನ್ನುತ್ತಾರೆ, ಕೊನೆಗೆ ಗಾಜಿನ ಪೆಟ್ಟಿಗೆಯೊಳಗೆ ಇದು ಬಂದು ಕೂರುತ್ತದೆ. ಬೆಂಗಳೂರಿನಲ್ಲೂ ಸಾಕುವವರಿದ್ದಾರೆ. ಊರು ಯಾವುದೇ ಆಗಲಿ, ಮೊದಲು ಅದರ ತವರು ಯಾವುದು ಎಂಬುದನ್ನು ತಲೆಯಲ್ಲಿಟ್ಟುಕೊಳ್ಳಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪೊಗೋನಾ ವಿಟ್ಟಿಸೆಪ್ಸ್ ಎಂಬ ಹಲ್ಲಿ ಜಾತಿ ಆಸ್ಟ್ರೇಲಿಯಾದ ಒಳನಾಡಿನದು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಒಣ ಒಳಭಾಗ, ವಿಕ್ಟೋರಿಯಾದ ವಾಯವ್ಯ ಮೂಲೆ, ಸೌತ್ ಆಸ್ಟ್ರೇಲಿಯಾದ ಪೂರ್ವ ಭಾಗ ಅದರ ನೆಲ. ಬೇಸಿಗೆಯಲ್ಲಿ ಸುಡುವ ಬಿಸಿಲು, ಚಳಿಗಾಲದಲ್ಲಿ ನಡುಗಿಸುವ ರಾತ್ರಿ. ಬೇಲಿಯ ಕಂಬದ ಮೇಲೆ, ಒಣ ಮರದ ಬೊಡ್ಡೆಯ ಮೇಲೆ ಕೂತು ಬಿಸಿಲು ಕಾಯಿಸುವ ಪ್ರಾಣಿ. ನಮ್ಮ ತೋಟದ ಓತಿಕ್ಯಾತವೂ ಇದೇ ಕುಟುಂಬಕ್ಕೆ ಸೇರಿದ್ದು. ಓತಿಕ್ಯಾತ ಬೆಳಗಿನ ಬಿಸಿಲಿಗೆ ಬಂಡೆ ಹತ್ತಿ ಕೂರುವುದನ್ನು ನೋಡಿದವರಿಗೆ ಬಿಯರ್ಡೆಡ್ ಡ್ರ್ಯಾಗನ್‌ನ ಅರ್ಧ ಸ್ವಭಾವ ಆಗಲೇ ಗೊತ್ತಿದೆ ಎಂದೇ ಲೆಕ್ಕ.

ಅದಕ್ಕೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ. ಹೊರಗಿನ ಶಾಖ ಮೈಗೆ ಏರಿದರೆ ಮಾತ್ರ ಓಡುತ್ತದೆ, ತಿನ್ನುತ್ತದೆ, ತಿಂದದ್ದನ್ನು ಅರಗಿಸುತ್ತದೆ, ರೋಗದೊಂದಿಗೆ ಹೋರಾಡುತ್ತದೆ. ಕಾಡಿನಲ್ಲಿ ಆ ಶಾಖ ಸೂರ್ಯನ ಕೈಯಲ್ಲಿ. ನಿಮ್ಮ ಮನೆಯಲ್ಲಿ ಅದು ನಿಮ್ಮ ಸ್ವಿಚ್ಚಿನ ಕೈಯಲ್ಲಿ. ಆದ್ದರಿಂದ ಅದು ಹೆಚ್ಚು ಮಲಗಲಿ, ಕಡಿಮೆ ಮಲಗಲಿ, ಹುಚ್ಚು ಹಿಡಿದ ಹಾಗೆ ಗಾಜು ಕೆರೆಯಲಿ, ಮೊದಲ ಪ್ರಶ್ನೆ ಕೇಳಬೇಕಾದದ್ದು ನಿಮ್ಮ ದೀಪಗಳನ್ನು. ಪ್ರಾಣಿಗೆ ಹಣೆಪಟ್ಟಿ ಹಚ್ಚುವುದು ಆಮೇಲೆ.

ಬದಲಾವಣೆ ಗೊತ್ತಾಗಬೇಕಾದರೆ ಮಾಮೂಲು ದಿನ ಹೇಗಿರುತ್ತದೆ ಎಂಬುದು ಗೊತ್ತಿರಬೇಕಲ್ಲವೇ? ಇಲ್ಲೇ ಬಹಳ ಮಂದಿ ಎಡವುವುದು. ಪ್ರಾಣಿ ಚೆನ್ನಾಗಿದ್ದಾಗ ನೋಡುವುದಿಲ್ಲ, ಕೆಟ್ಟಾಗ ನೋಡುತ್ತಾರೆ. ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆಯ ಮುಂದೆ ಕೂತುಕೊಳ್ಳಿ. ದೀಪ ಹತ್ತುವ ಮೊದಲು ಅದರ ಮೈ ತೆಳುಬಣ್ಣದಲ್ಲಿರುತ್ತದೆ. ಹೊಟ್ಟೆ ನೆಲಕ್ಕೆ ಅಂಟಿರುತ್ತದೆ, ಹಿಂಗಾಲುಗಳು ಹಿಂದಕ್ಕೆ ಚಾಚಿ ಪಾದದ ಅಡಿ ಮೇಲಾಗಿರುತ್ತದೆ. ದೀಪ ಹತ್ತಿದ ಮೇಲೂ ತಕ್ಷಣ ಏಳುವುದಿಲ್ಲ. ಕೆಳಗಿನ ರೆಪ್ಪೆ ನಿಧಾನವಾಗಿ ಕೆಳಗಿಳಿದು ಕಣ್ಣು ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಿಸಿ ಕಲ್ಲಿನ ಮೇಲೆ ಹತ್ತಿ, ಪಕ್ಕೆಲುಬು ಅಗಲಿಸಿ ಮೈಯನ್ನು ಚಪ್ಪಟೆ ಮಾಡಿ, ಬೆನ್ನಿನ ಬಣ್ಣ ಕಪ್ಪಾಗಿಸಿಕೊಳ್ಳುತ್ತದೆ. ಕಪ್ಪು ಮೈ ಬೇಗ ಕಾಯುತ್ತದೆ. ಸಾಕಷ್ಟು ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ, ಬಾಯಿ ಅರ್ಧ ತೆರೆದು ಕೂರುತ್ತದೆ. ಅದು ಹೆಚ್ಚಿನ ಬಿಸಿಯನ್ನು ಹೊರಹಾಕುವ ಕ್ರಮ, ರೋಗವಲ್ಲ. ಆಮೇಲೆ ಊಟ, ಓಡಾಟ, ಮತ್ತೆ ಬಿಸಿಲು. ಸಂಜೆ ದೀಪ ಆರುವ ಮೊದಲೇ ತಾನಾಗಿ ಮಲಗುವ ಜಾಗ ಹುಡುಕುತ್ತದೆ. ಕೆಲವು ಗೋಡೆಗೆ ಒರಗಿ ನಿಂತಂತೆಯೇ ನಿದ್ದೆ ಹೋಗುತ್ತವೆ. ನೋಡಲು ವಿಚಿತ್ರ, ಆದರೆ ಹೆದರಬೇಕಾದದ್ದೇನಿಲ್ಲ. ಇದೆಲ್ಲ ನಿಮ್ಮ ಪ್ರಾಣಿಗೆ ಎಷ್ಟು ಹೊತ್ತಿಗೆ ನಡೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮುಂದೆ ಒಂದು ದಿನ ಅದೇ ಬರಹ ಡಾಕ್ಟರಿಗೆ ನೀವು ಕೊಡುವ ದೊಡ್ಡ ಸಹಾಯ.

ಇನ್ನು ರಾತ್ರಿಯ ನಿದ್ದೆ. 2016ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಬಿಯರ್ಡೆಡ್ ಡ್ರ್ಯಾಗನ್‌ಗಳ ಮಿದುಳಿನ ಅಲೆಗಳನ್ನು ರಾತ್ರಿಯಿಡೀ ದಾಖಲಿಸಿದರು. ನಮಗಿರುವಂತೆಯೇ ಅವಕ್ಕೂ ಗಾಢನಿದ್ದೆ ಮತ್ತು ಕಣ್ಣು ಅಲುಗುವ ನಿದ್ದೆ, ಎರಡೂ ಇರುವುದು ಕಂಡುಬಂತು. ನಮ್ಮಲ್ಲಿ ಒಂದು ಸುತ್ತಿಗೆ ಒಂದೂವರೆ ಗಂಟೆ ಬೇಕಾದರೆ, ಅವಕ್ಕೆ ಸುಮಾರು 80 ಸೆಕೆಂಡು. ಒಂದು ರಾತ್ರಿಯಲ್ಲಿ ಇಂಥ 350ರಷ್ಟು ಸುತ್ತುಗಳು. ಆದ್ದರಿಂದ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಅಲುಗಿತು ಎಂದು ದಯವಿಟ್ಟು ಎಬ್ಬಿಸಲು ಹೋಗಬೇಡಿ. ಮಕ್ಕಳಿಗೂ ಹೇಳಿಕೊಡಿ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಈ ಪ್ರಾಣಿಗೆ ಒಪ್ಪುವುದಿಲ್ಲ. ಅದಕ್ಕೆ ಪೂರ್ತಿ ಕತ್ತಲು ಬೇಕು. ಅದರ ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಇನ್ನೊಂದು ಪುಟ್ಟ ಕಣ್ಣಿದೆ; ಚರ್ಮದ ನಡುವೆ ತೆಳು ಚುಕ್ಕೆಯಂತೆ ಕಾಣುತ್ತದೆ, ಹತ್ತಿರದಿಂದ ಹುಡುಕಿ ನೋಡಿ. ನೀವು ಪೆಟ್ಟಿಗೆಯನ್ನು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟು, ರಾತ್ರಿ ಹನ್ನೊಂದರವರೆಗೆ ಕ್ರಿಕೆಟ್ ನೋಡಿ, ‘ಇದು ಹಗಲೆಲ್ಲ ತೂಕಡಿಸುತ್ತದೆ’ ಎಂದು ದೂರಿದರೆ ನಾನು ಯಾರನ್ನು ಬೈಯಬೇಕು? ರಾತ್ರಿಗೆಂದು ಅಂಗಡಿಯವರು ಮಾರುವ ಕೆಂಪು ಬಲ್ಬನ್ನೂ ತೆಗೆದುಬಿಡಿ. ಕೆಂಪು ಬೆಳಕು ಅದಕ್ಕೆ ಕಾಣುವುದಿಲ್ಲ ಎಂಬುದು ಸುಳ್ಳು. ಕೋಣೆಯ ಬಿಸಿ ರಾತ್ರಿ 18 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ರಾತ್ರಿ ಏನೂ ಬೇಕಿಲ್ಲ. ಮೆಲ್ಬರ್ನ್‌ನಂಥ ಊರಿನಲ್ಲಿ ಜುಲೈ ರಾತ್ರಿ ಹೊರಗೆ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ಮನೆಯೊಳಗೂ ತಣ್ಣಗೆ ಕೊರೆಯುತ್ತದೆ. ಅಂಥಲ್ಲಿ ಬೆಳಕು ಬಾರದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟಿಗೆ ಜೋಡಿಸಿ ಹಾಕಿ. ಕರೆಂಟಿನಿಂದ ಬಿಸಿಯಾಗುವ ಕೃತಕ ಕಲ್ಲು ಮಾತ್ರ ಬೇಡವೇ ಬೇಡ; ಹೊಟ್ಟೆ ಸುಟ್ಟರೂ ಈ ಪ್ರಾಣಿಗೆ ಬೇಗ ಗೊತ್ತಾಗುವುದಿಲ್ಲ.

ದೀಪದ ವಿಷಯಕ್ಕೆ ಬರೋಣ. ನಾನು ಇಲ್ಲಿ ಸ್ವಲ್ಪ ಜೋರು ಮಾಡುತ್ತೇನೆ, ಸಹಿಸಿಕೊಳ್ಳಿ. ಬೆಳೆದ ಪ್ರಾಣಿ ಬಿಸಿಲು ಕಾಯಿಸುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ ಇರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 24ರಿಂದ 28. ಬಿಸಿ ಹೆಚ್ಚಾದಾಗ ಆ ಕಡೆ, ಕಡಿಮೆಯಾದಾಗ ಈ ಕಡೆ ಎಂದು ಅದು ತಾನೇ ಓಡಾಡಿಕೊಂಡು ಮೈಯನ್ನು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೇ ಪೆಟ್ಟಿಗೆ ಕನಿಷ್ಠ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ ಇರಲಿ ಎನ್ನುವುದು. ಚಿಕ್ಕ ಪೆಟ್ಟಿಗೆಯಲ್ಲಿ ತಂಪು ತುದಿಯೇ ಉಳಿಯುವುದಿಲ್ಲ. ‘ಕೈ ಇಟ್ಟು ನೋಡಿದೆ, ಬೆಚ್ಚಗಿದೆ’ ಅನ್ನಬೇಡಿ. ಗಾಜಿಗೆ ಅಂಟಿಸುವ ಪಟ್ಟಿ ಥರ್ಮಾಮೀಟರು ಗಾಜಿನ ಬಿಸಿಯನ್ನು ತೋರಿಸುತ್ತದೆ, ಕಲ್ಲಿನದನ್ನಲ್ಲ. ಕಲ್ಲಿಗೆ ಗುರಿಯಿಟ್ಟು ಒತ್ತುವ ಇನ್‌ಫ್ರಾರೆಡ್ ಗನ್ ಒಂದು, ತಂಪು ಕಡೆಗೆ ವೈರಿನ ತುದಿಯ ಡಿಜಿಟಲ್ ಥರ್ಮಾಮೀಟರು ಒಂದು, ಇಷ್ಟಿದ್ದರೆ ಸಾಕು.

ಬಿಸಿಯಷ್ಟೇ ಮುಖ್ಯವಾದದ್ದು ಯುವಿಬಿ ಕಿರಣ. ಅದು ಮೈಮೇಲೆ ಬಿದ್ದರೆ ಮಾತ್ರ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗಿ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ‘ನಮ್ಮದು ಕಿಟಕಿ ಪಕ್ಕ ಇದೆ, ಬಿಸಿಲು ಬರುತ್ತೆ’ ಎಂದು ನಿಶ್ಚಿಂತೆಯಾಗಿರುವವರೇ, ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಬಿಸಿ ಬರುತ್ತದೆ, ಗುಣ ಬರುವುದಿಲ್ಲ. ಸುರುಳಿ ಬಲ್ಬು ಸಾಲದು. ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ಉದ್ದದ ಟಿ5 ಟ್ಯೂಬು ಹಾಕಿ, 10 ಅಥವಾ 12 ಪರ್ಸೆಂಟಿನದು. ಇನ್ನೊಂದು ಮಾತು: ಟ್ಯೂಬು ಹೊತ್ತಿಕೊಂಡಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಬೆಳಕು ಮೊದಲಿನಷ್ಟೇ ಕಾಣುತ್ತಿದ್ದರೂ ಯುವಿಬಿ ತಿಂಗಳು ತಿಂಗಳಿಗೆ ಇಳಿಯುತ್ತದೆ. ಹಾಕಿದ ತಾರೀಖನ್ನು ಟ್ಯೂಬಿನ ತುದಿಯಲ್ಲಿ ಮಾರ್ಕರಿನಲ್ಲಿ ಬರೆದು, ಕಂಪನಿ ಹೇಳಿದ ಅವಧಿಗೆ, ಹೆಚ್ಚೆಂದರೆ ವರ್ಷಕ್ಕೊಮ್ಮೆ, ಬದಲಿಸಿ. ಎಷ್ಟೋ ಮನೆಗಳಲ್ಲಿ ‘ಸೋಮಾರಿ’ ಎಂದು ಹೆಸರು ಪಡೆದ ಪ್ರಾಣಿ ಹೊಸ ಟ್ಯೂಬು ಬಿದ್ದ ಮೇಲೆ ಮತ್ತೆ ಚುರುಕಾಗುವುದನ್ನು ನಾನು ಕಂಡಿದ್ದೇನೆ.

ದೀಪ, ಬಿಸಿ ಎಲ್ಲ ಸರಿಯಿದೆ, ಆದರೂ ಮಲಗುತ್ತಿದೆ ಅನ್ನುತ್ತೀರಾ? ಹಾಗಾದರೆ ಬ್ರುಮೇಶನ್, ಅಂದರೆ ಸರೀಸೃಪಗಳ ಚಳಿನಿದ್ದೆಯ ಬಗ್ಗೆ ಯೋಚಿಸಬಹುದು. ಒಳನಾಡಿನ ಚಳಿಗಾಲದಲ್ಲಿ ತಿನ್ನಲು ಹುಳು ಇಲ್ಲದೆ, ಕಾಯಿಸಲು ಬಿಸಿಲಿಲ್ಲದೆ ಇರುವ ದಿನಗಳನ್ನು ಅದು ಬಿಲದಲ್ಲೋ ಮರದ ಬೊಡ್ಡೆಯ ಕೆಳಗೋ ಮಲಗಿ ಕಳೆಯುತ್ತದೆ. ಕರಡಿಯ ಹಾಗೆ ಒಂದೇ ಸಮನೆ ನಿದ್ದೆ ಮಾಡುವುದೂ ಇಲ್ಲ. ನಡುನಡುವೆ ಎದ್ದು, ನೀರು ಕುಡಿದು, ಒಂದು ಗಳಿಗೆ ಬಿಸಿಲಿಗೆ ಬಂದು ಮತ್ತೆ ಒಳಗೆ ಸೇರುತ್ತದೆ. ಮನೆಯ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಹುಟ್ಟಿ ಬೆಳೆದದ್ದೂ ಈ ಗುಣ ಬಿಟ್ಟಿಲ್ಲ. ಆಸ್ಟ್ರೇಲಿಯಾ ತನ್ನ ಕಾಡುಹಲ್ಲಿಗಳನ್ನು ವ್ಯಾಪಾರಕ್ಕೆ ಹೊರದೇಶಕ್ಕೆ ಕಳಿಸಲು ಬಿಡುವುದಿಲ್ಲ. ಅಮೆರಿಕದ ಅಂಗಡಿಗಳಲ್ಲಿರುವವು ಅಲ್ಲೇ ಮರಿಯಾದವು. ಅವು ಸಾಮಾನ್ಯವಾಗಿ ಅಲ್ಲಿನ ಚಳಿಗಾಲಕ್ಕೇ ಹೊಂದಿಕೊಂಡು ಅಕ್ಟೋಬರ್–ನವೆಂಬರ್ ಹೊತ್ತಿಗೆ, ಅಂದರೆ ನೀವು ದೀಪಾವಳಿಯ ಗಡಿಬಿಡಿಯಲ್ಲಿರುವಾಗ, ಮಂಕಾಗತೊಡಗುತ್ತವೆ. ಸಿಡ್ನಿ, ಮೆಲ್ಬರ್ನ್‌ನಲ್ಲಿರುವವು ಮೇ–ಜೂನ್‌ನಲ್ಲಿ. ಹಗಲು ಚಿಕ್ಕದಾಗುವುದು, ಕೋಣೆಯ ಬಿಸಿ ಇಳಿಯುವುದು ಅವಕ್ಕೆ ಸೂಚನೆ. ದೀಪದ ಟೈಮರ್ ವರ್ಷವಿಡೀ ಒಂದೇ ಇದ್ದರೂ ಕೆಲವು ತಮ್ಮ ಒಳಗಿನ ಲೆಕ್ಕದಂತೆ ಮಲಗುತ್ತವೆ. ಕೆಲವು ವಾರ ಮಲಗುವವೂ ಇವೆ, ಮೂರು ತಿಂಗಳು ಮಲಗುವವೂ ಇವೆ, ಇಡೀ ಆಯುಷ್ಯದಲ್ಲಿ ಒಂದು ಸಲವೂ ಮಲಗದವೂ ಇವೆ. ಪಕ್ಕದ ಮನೆಯದು ಮಲಗಿತು, ನಮ್ಮದು ಮಲಗಲಿಲ್ಲ ಎಂದು ಬಲವಂತವಾಗಿ ದೀಪ ಆರಿಸಿ ಮಲಗಿಸುವ ಕೆಲಸ ಖಂಡಿತ ಮಾಡಬೇಡಿ.

ಲಕ್ಷಣಗಳು ನಿಧಾನವಾಗಿ ಬರುತ್ತವೆ. ಮೊದಲು ಊಟ ಕಡಿಮೆಯಾಗುತ್ತದೆ. ಬೆಳಗ್ಗೆ ತಡವಾಗಿ ಏಳುತ್ತದೆ, ಸಂಜೆ ಬೇಗ ಮಲಗುತ್ತದೆ. ಬಿಸಿ ಕಲ್ಲು ಬಿಟ್ಟು ತಂಪು ಮೂಲೆ ಹಿಡಿಯುತ್ತದೆ, ನೆಲ ಕೆರೆದು ಗುಳಿ ಮಾಡುತ್ತದೆ. ಇದೆಲ್ಲ ಒಂದೆರಡು ವಾರದಲ್ಲಿ ನಡೆಯುವ ಮಾತು. ನಿನ್ನೆ ಸಂಜೆ ಓಡಾಡಿಕೊಂಡಿದ್ದು ಇವತ್ತು ಬೆಳಗ್ಗೆ ದೊಪ್ಪನೆ ಬಿದ್ದಿದ್ದರೆ ಅದನ್ನು ಚಳಿಗಾಲದ ಲೆಕ್ಕಕ್ಕೆ ಬರೆಯಬೇಡಿ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಮಲಗಿರುವುದೆಲ್ಲ ಬ್ರುಮೇಶನ್ ಅಲ್ಲ. ಯಾರಿಗಾದರೂ ‘ನಮ್ಮದು ತಿನ್ನುತ್ತಿಲ್ಲ’ ಎಂದ ಕೂಡಲೇ ಅವರು ‘ಅದು ಬ್ರುಮೇಶನ್’ ಅನ್ನುವುದು, ನೀವು ಹೌದೆನ್ನುವುದು ಈಗ ರೂಢಿಯಾಗಿಬಿಟ್ಟಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಅವರು ನಿಮ್ಮ ಪ್ರಾಣಿಯನ್ನು ನೋಡಿಲ್ಲ, ನೀವು ಅದರ ಹಿಕ್ಕೆಯ ಪರೀಕ್ಷೆ ಮಾಡಿಸಿಲ್ಲ. ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ.

ಒಂದು ವರ್ಷ ತುಂಬದ ಮರಿ ಮಲಗಿದರೆ ನೇರವಾಗಿ ಡಾಕ್ಟರ ಬಳಿಗೆ ಹೋಗಿ. ಆ ವಯಸ್ಸಿನಲ್ಲಿ ಮೈಯಲ್ಲಿ ಕೊಬ್ಬಿನ ದಾಸ್ತಾನು ಇರುವುದಿಲ್ಲ, ಬೆಳೆಯುವ ಹೊತ್ತಿನಲ್ಲಿ ಊಟ ಬಿಡುವುದು ಒಳ್ಳೆಯ ಸೂಚನೆಯಲ್ಲ. ಬೆರಳುಗಳು ಸಣ್ಣಗೆ ನಡುಗುತ್ತಿದ್ದರೆ, ದವಡೆ ಮೆತ್ತಗಾಗಿದ್ದರೆ, ಕಾಲು ಸೊಟ್ಟಗಾಗಿ ಹೊಟ್ಟೆ ಎಳೆದುಕೊಂಡು ನಡೆದರೆ ಅದು ಕ್ಯಾಲ್ಸಿಯಂ ಕೊರತೆಯಿಂದ ಬರುವ ಮೂಳೆರೋಗ. ಕಣ್ಣು ಗುಳಿಬಿದ್ದು, ಚರ್ಮ ಎತ್ತಿದರೆ ಹಾಗೇ ನಿಲ್ಲುತ್ತಿದ್ದರೆ ಮೈಯಲ್ಲಿ ನೀರಿಲ್ಲ. ಮಲಗಿದಲ್ಲೇ ಬಾಯಿ ಬಿಟ್ಟು ಉಸಿರೆಳೆದರೆ, ಮೂಗಿನ ಹತ್ತಿರ ಲೋಳೆ ಕಂಡರೆ, ಟಿಕ್ ಟಿಕ್ ಸದ್ದು ಬಂದರೆ ಶ್ವಾಸಕೋಶದ ಸೋಂಕು. ಕಾಯುತ್ತಾ ಕೂರುವ ಹಾಗಿಲ್ಲ. ಹಿಕ್ಕೆ ನೀರಾಗಿ ಗಬ್ಬು ನಾತ ಹೊಡೆದರೆ ಹೊಟ್ಟೆಯಲ್ಲಿ ಪರಾವಲಂಬಿಗಳಿರಬಹುದು. ಬೆನ್ನು, ಬಾಲದ ಬುಡದ ಮೂಳೆ ಎದ್ದು ಕಾಣುತ್ತಿದ್ದರೆ ಅದು ಮಲಗಿದ್ದು ನಿದ್ದೆಯಿಂದಲ್ಲ, ನಿತ್ರಾಣದಿಂದ.

ಹೆಣ್ಣು ಸಾಕಿದವರು ಇನ್ನೊಂದು ವಿಷಯ ಗಮನಿಸಿ. ಗಂಡಿನ ಜೊತೆ ಇಲ್ಲದಿದ್ದರೂ ಹೆಣ್ಣು ಮೊಟ್ಟೆ ಇಡಬಲ್ಲದು, ಮರಿಯಾಗದ ಮೊಟ್ಟೆ ಅಷ್ಟೇ. ಮೊಟ್ಟೆ ತುಂಬಿದಾಗ ಊಟ ಬಿಟ್ಟು, ಗಾಜು ಕೆರೆದು, ಮೂಲೆ ತೋಡುತ್ತಾ ಒದ್ದಾಡುತ್ತದೆ. ತೋಡಲು ಆಳವಾದ ಒದ್ದೆ ಮಣ್ಣಿನ ಡಬ್ಬಿ ಇಡದೆ ನೀವು ಪೆಟ್ಟಿಗೆಯ ನೆಲಕ್ಕೆ ಪೇಪರು ಹಾಸಿಕೊಂಡಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಆಮೇಲೆ ಅದು ಸೋತು ಮಲಗುತ್ತದೆ. ಆ ಮಲಗುವಿಕೆಯನ್ನು ನಿದ್ದೆ ಎಂದುಕೊಂಡರೆ ಪ್ರಾಣ ಹೋಗುತ್ತದೆ. ಹೊಟ್ಟೆ ಉಬ್ಬಿದ, ತೋಡಿ ತೋಡಿ ಸುಮ್ಮನಾದ ಹೆಣ್ಣನ್ನು ಅದೇ ದಿನ ಡಾಕ್ಟರಿಗೆ ತೋರಿಸಿ.

ಪೊರೆ ಬಿಡುವಾಗ ಮಂಕಾಗುವುದು, ಊಟಕ್ಕೆ ಮುಖ ತಿರುಗಿಸುವುದು ಕೆಲವು ದಿನದ ಮಾತು. ಹೊಸ ಮನೆಗೆ ಬಂದಾಗ, ಪೆಟ್ಟಿಗೆ ಬದಲಿಸಿದಾಗ ಒಂದೆರಡು ವಾರ ಮುದುಡಿಕೊಳ್ಳುವುದೂ ಸಹಜ. ಆಗ ನೆಂಟರಿಷ್ಟರನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸಬೇಡಿ.

ಡಾಕ್ಟರ ಮಾತು ಬಂತು. ಎಲ್ಲ ಪಶುವೈದ್ಯರೂ ಸರೀಸೃಪ ನೋಡುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡಬೇಡಿ. ಪ್ರಾಣಿ ಚೆನ್ನಾಗಿರುವಾಗಲೇ ನಿಮ್ಮ ಊರಿನಲ್ಲಿ ಯಾರು ನೋಡುತ್ತಾರೆ ಎಂದು ಹುಡುಕಿಟ್ಟುಕೊಳ್ಳಿ. ಚಳಿ ಶುರುವಾಗುವ ಮೊದಲೇ ಒಂದು ಸಲ ತೋರಿಸಿ, ಹೊಸ ಹಿಕ್ಕೆಯನ್ನು ಡಬ್ಬಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ. ಹೊಟ್ಟೆಹುಳದ ಹೊರೆ ಹೊತ್ತ ಪ್ರಾಣಿ ತಿಂಗಳುಗಟ್ಟಲೆ ಊಟವಿಲ್ಲದೆ ಮಲಗಿದರೆ ಏಳುವಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಪರೀಕ್ಷೆಯೆಲ್ಲ ಸರಿಯಾಗಿದೆ, ವಯಸ್ಸು ಸರಿಯಾಗಿದೆ, ಕಾಲ ಸರಿಯಾಗಿದೆ ಎಂದಾದರೆ ಇನ್ನು ಅದನ್ನು ಮಲಗಲು ಬಿಡಿ. ಬಿಡುವುದಕ್ಕೂ ಒಂದು ಕ್ರಮವಿದೆ. ಮೊದಲನೆಯದು ಊಟ. ಬಿಸಿಲು ಕಾಯಿಸುವುದನ್ನು ಬಿಟ್ಟ ಪ್ರಾಣಿಗೆ ತಿನ್ನಿಸಬೇಡಿ. ಬೆಂಕಿ ಆರಿದ ಒಲೆಯ ಮೇಲೆ ಅಕ್ಕಿ ಇಟ್ಟ ಹಾಗೆ, ಶಾಖವಿಲ್ಲದ ಹೊಟ್ಟೆಯಲ್ಲಿ ಹುಳು ಅರಗುವುದಿಲ್ಲ, ಕೊಳೆಯುತ್ತದೆ. ಊಟ ಬಿಟ್ಟ ಮೇಲೂ ಕೆಲವು ದಿನ ಬಿಸಿ ದೀಪ ಪೂರ್ತಿ ಹಾಕಿಟ್ಟು, ಹೊಟ್ಟೆ ಖಾಲಿಯಾಗಲು ಬಿಡಿ. ಆಮೇಲೆ ದೀಪದ ಹೊತ್ತನ್ನು ಬೇಸಿಗೆಯ 12–14 ಗಂಟೆಯಿಂದ 10ಕ್ಕೆ, ಬೇಕಾದರೆ ಇನ್ನೂ ಕಡಿಮೆಗೆ, ವಾರ ವಾರ ಇಳಿಸಿ. ಪೂರ್ತಿ ಆರಿಸುವ ಪಕ್ಷಕ್ಕೆ ನಾನು ಸೇರಿದವಳಲ್ಲ. ನಡುವೆ ಎದ್ದು ಬಂದರೆ ಅದಕ್ಕೊಂದಿಷ್ಟು ಬಿಸಿಲು ಸಿಗಬೇಕು. ಕತ್ತಲ ಪೆಟ್ಟಿಗೆಯಲ್ಲಿ ಎದ್ದು ತಣ್ಣಗೆ ಕೂತರೆ ಅದಕ್ಕೆ ನೀರೂ ಬೇಕೆನಿಸುವುದಿಲ್ಲ. ಮಲಗಲು ಕತ್ತಲಿನ ಗೂಡೊಂದು ತಂಪು ತುದಿಯಲ್ಲಿರಲಿ.

ಎರಡನೆಯದು ತೂಕ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಊಹೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಅದಕ್ಕೆಂದೇ ಬೇರೆ ಒಂದು ಇಡಿ. ಹಿಟ್ಟು ತೂಗುವುದರಲ್ಲಿ ಹಲ್ಲಿ ತೂಗಬೇಡಿ. ವಾರಕ್ಕೊಮ್ಮೆ, ಮೆಲ್ಲಗೆ ಎತ್ತಿ, ಡಬ್ಬಿಯಲ್ಲಿಟ್ಟು ತೂಗಿ, ಬರೆದು, ಮತ್ತೆ ಅದೇ ಜಾಗದಲ್ಲಿ ಮಲಗಿಸಿ. ನಿಜವಾದ ಚಳಿನಿದ್ದೆಯಲ್ಲಿ ತೂಕ ಹೆಚ್ಚು ಇಳಿಯುವುದಿಲ್ಲ. 400 ಗ್ರಾಂ ಇದ್ದದ್ದು 390 ಆದರೆ ಸುಮ್ಮನಿರಿ. 360ಕ್ಕೆ ಬಂದರೆ, ಅಂದರೆ ಹತ್ತರಲ್ಲೊಂದು ಭಾಗ ಹೋಯಿತೆಂದರೆ, ಕೂಡಲೇ ಫೋನ್ ಮಾಡಿ. ‘ನೋಡಿದರೆ ಹಾಗೇ ಇದೆ’ ಎನ್ನುವ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಮೂರನೆಯದು ನೀರು. ನಡುವೆ ಎಚ್ಚರವಾಗಿ ಹೊರಗೆ ಬಂದಾಗ ಮೂತಿಯ ತುದಿಗೆ ಹನಿಹನಿಯಾಗಿ ನೀರು ಬಿಡಿ, ಬೇಕಾದರೆ ನೆಕ್ಕುತ್ತದೆ. ಪೂರ್ತಿ ಎಚ್ಚರವಿದ್ದರೆ ಅಗಲದ ಪಾತ್ರೆಯಲ್ಲಿ ಬೆಚ್ಚಗಿನ ನೀರು ಅದರ ಮೊಣಕೈ ಮುಳುಗುವಷ್ಟು ಹಾಕಿ ಕೆಲವು ನಿಮಿಷ ಬಿಡಬಹುದು, ಪಕ್ಕದಿಂದ ಕದಲಬೇಡಿ. ಗಾಢನಿದ್ದೆಯಲ್ಲಿರುವುದನ್ನು ನೀರಿಗಿಳಿಸಿದರೆ ತಲೆ ಎತ್ತಲಾಗದೆ ಮುಳುಗುತ್ತದೆ. ಸ್ನಾನ ಮಾಡಿಸಿ ಎಬ್ಬಿಸೋಣ ಎನ್ನುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಅದು ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಬೇಡಿ. ಪಕ್ಕೆಯ ಮೇಲೆ ಕಣ್ಣಿಟ್ಟು ಸ್ವಲ್ಪ ಹೊತ್ತು ಕಾದರೆ ಉಸಿರಿನ ಏರಿಳಿತ ಕಾಣುತ್ತದೆ. ಮುಟ್ಟಲೇಬೇಕೆಂದರೆ ವಾರದ ತೂಕದ ದಿನ ಮುಟ್ಟಿ. ಎತ್ತಿದಾಗ ಸೋಮಾರಿಯಾಗಿಯಾದರೂ ಕಾಲು ಎಳೆದುಕೊಳ್ಳುತ್ತದೆ, ಒಂದು ಕಣ್ಣು ಬಿಟ್ಟು ನಿಮ್ಮನ್ನು ನೋಡುತ್ತದೆ. ಕೈಕಾಲು ಬಟ್ಟೆಯಂತೆ ಜೋತುಬಿದ್ದರೆ ಮಾತ್ರ ತಡಮಾಡಬೇಡಿ.

ತಾಳಿದವನು ಬಾಳಿಯಾನು ಎಂಬುದು ಏಳುವ ಕಾಲಕ್ಕೆ ಹೆಚ್ಚು ಬೇಕಾದ ಮಾತು. ಮೊದಲು ಒಂದು ಗಂಟೆ ಹೊರಗೆ ಬಂದು ಹೋಗುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತದೆ. ದೀಪದ ಹೊತ್ತನ್ನು ವಾರ ವಾರ ಏರಿಸಿ. ಮೊದಲು ಬಿಸಿಲು, ಆಮೇಲೆ ನೀರು, ಕೊನೆಗೆ ಊಟ. ಈ ಸಾಲು ತಪ್ಪಬಾರದು. ಮೈ ಪೂರ್ತಿ ಕಾಯದೆ ಹುಳು ಕೊಟ್ಟರೆ ಮಲಗುವ ಮುಂಚಿನ ತೊಂದರೆಯೇ ಮತ್ತೆ ಬರುತ್ತದೆ. ಎರಡು ತಿಂಗಳು ಉಪವಾಸವಿತ್ತು ಪಾಪ ಎಂದು ಬಟ್ಟಲು ತುಂಬಬೇಡಿ. ನಾಲ್ಕು ಸೊಪ್ಪಿನೆಲೆ, ಒಂದೆರಡು ಚಿಕ್ಕ ಹುಳುಗಳಿಂದ ಶುರುಮಾಡಿ. ಅಮೆರಿಕದಲ್ಲಿರುವವರು ಬೇಸಿಗೆ ಸಂಜೆ ಹಿತ್ತಿಲಲ್ಲಿ ಮಿಣುಕುಹುಳು ಹಿಡಿದು ಹಾಕುವ ಮಕ್ಕಳ ಮೇಲೆ ಕಣ್ಣಿಡಿ. ಒಂದು ಮಿಣುಕುಹುಳದ ವಿಷ ಈ ಪ್ರಾಣಿಯನ್ನು ಕೊಲ್ಲಲು ಸಾಕು. ಬೆಣ್ಣೆಹಣ್ಣೂ ಬೇಡ.

ಎದ್ದ ಮೇಲೆ ಸ್ವಭಾವ ಬದಲಾಯಿತು ಎಂಬ ದೂರು ಬರುತ್ತದೆ. ಗಂಡಾದರೆ ತಲೆ ಜೋರಾಗಿ ಕುಣಿಸುವುದು, ಗಡ್ಡ ಕಪ್ಪಾಗಿಸುವುದು, ಪೆಟ್ಟಿಗೆಯೆಲ್ಲ ಗಸ್ತು ತಿರುಗುವುದು ಸಂಗಾತಿಯ ಕಾಲದ ಲಕ್ಷಣ. ಕೆಲವು ವಾರದಲ್ಲಿ ಇಳಿಯುತ್ತದೆ. ಗಾಜಿಗೆ ಎದೆ ಒತ್ತಿ ಕಾಲು ಬಡಿಯುತ್ತಲೇ ಇದ್ದರೆ ಮಾತ್ರ ಕಾರಣ ಹುಡುಕಿ: ಒಳಗೆ ಬಿಸಿ ಹೆಚ್ಚಾಗಿದೆಯೇ, ಗಾಜಿನಲ್ಲಿ ತನ್ನದೇ ಬಿಂಬ ಕಂಡು ಕೆರಳುತ್ತಿದೆಯೇ, ಎದುರಿಗೆ ಇನ್ನೊಂದು ಹಲ್ಲಿಯ ಪೆಟ್ಟಿಗೆಯಿದೆಯೇ, ಬೆಕ್ಕು ಬಂದು ಕೂರುತ್ತದೆಯೇ. ಎರಡನ್ನು ಒಂದೇ ಪೆಟ್ಟಿಗೆಯಲ್ಲಿ ಸಾಕುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದರ ಮೇಲೊಂದು ಮಲಗಿರುವುದು ಅನ್ಯೋನ್ಯವಲ್ಲ, ಬಲವಾದದ್ದು ಬಿಸಿಲಿನ ಜಾಗವನ್ನು ಕಸಿದುಕೊಳ್ಳುತ್ತಿದೆ. ಬೇರೆ ಮಾಡಿ.

ಇನ್ನು ನಮ್ಮವರ ಮನೆಗೇ ಸೇರಿದ ಒಂದೆರಡು ಸಂಗತಿ. ಪೂಜೆಯ ಕರ್ಪೂರ, ಸಾಂಬ್ರಾಣಿ ಹೊಗೆ, ಮೆಣಸಿನಕಾಯಿ ಒಗ್ಗರಣೆಯ ಘಾಟು ಪೆಟ್ಟಿಗೆಯ ಕಡೆ ಬಾರದ ಹಾಗೆ ನೋಡಿಕೊಳ್ಳಿ. ಅದರ ಶ್ವಾಸಕೋಶ ಅದಕ್ಕೆ ಪಳಗಿಲ್ಲ. ಊರಿನಿಂದ ಬಂದ ಅಜ್ಜ ಅಜ್ಜಿ ‘ಪಾಪ, ಚಳಿಗೆ ಮುದುಡಿದೆ’ ಎಂದು ಶಾಲು ಹೊದಿಸಬಹುದು; ಶಾಲು ಹೊದಿಸಿದರೆ ಅದಕ್ಕೆ ಬೆಚ್ಚಗಾಗುವುದಿಲ್ಲ, ಮೈಯೊಳಗೆ ಬಿಸಿಯೇ ಇಲ್ಲವಲ್ಲ ಎಂದು ಅವರಿಗೆ ಸಮಾಧಾನವಾಗಿ ತಿಳಿಸಿ. ಮುಟ್ಟಿದ ಪ್ರತಿಸಲ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಇವುಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೂ ವಯಸ್ಸಾದವರಿಗೂ ಅದು ಹೆಚ್ಚು ಅಪಾಯ. ಅದರ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಡಿಸೆಂಬರಿನಲ್ಲಿ ನೀವೆಲ್ಲ ಮದುವೆ, ಗೃಹಪ್ರವೇಶ ಎಂದು ಊರಿಗೆ ಹೊರಡುತ್ತೀರಿ. ಅಮೆರಿಕದವರದ್ದಾದರೆ ಪ್ರಾಣಿ ಆಗ ಮಲಗಿರಬಹುದು. ‘ಮಲಗಿದೆಯಲ್ಲ, ಯಾರೂ ಬೇಡ’ ಎಂದು ಬೀಗ ಹಾಕಿ ಹೊರಡಬೇಡಿ. ಮನೆಯ ಹೀಟರನ್ನು ಇಳಿಸಿ ಹೋದರೆ ಪೆಟ್ಟಿಗೆಯೊಳಗೂ ಕೊರೆಯುವ ಚಳಿ ಹೊಗುತ್ತದೆ. ಮೆಲ್ಬರ್ನ್, ಅಡಿಲೇಡ್‌ನವರದ್ದಾದರೆ ಆಗ ನಡುಬೇಸಿಗೆ, ಪ್ರಾಣಿ ತುಂಬ ಚುರುಕಿನಲ್ಲಿರುತ್ತದೆ, ದಿನಾ ಸೊಪ್ಪು ಬೇಕು. ಹೊರಗೆ 40 ದಾಟಿದ ದಿನ ಮುಚ್ಚಿದ ಮನೆಯಲ್ಲಿ ದೀಪವೂ ಹತ್ತಿಕೊಂಡರೆ ಅದು ಬೆಂದುಹೋಗುತ್ತದೆ. ಅಂಥ ದಿನ ಬಿಸಿ ದೀಪ ಆರಿಸಬೇಕು. ನೋಡಿಕೊಳ್ಳುವ ಸ್ನೇಹಿತರಿಗೆ ಬಾಯಿಮಾತಿನಲ್ಲಿ ಹೇಳಿ ಹೋದರೆ ಸಾಲದು. ಒಂದು ಹಾಳೆಯಲ್ಲಿ ದೀಪದ ಹೊತ್ತು, ಎರಡು ತುದಿಗಳ ಡಿಗ್ರಿ, ಯಾವ ವಾರ ಎಷ್ಟು ಗ್ರಾಂ ಇತ್ತು, ಎಷ್ಟಕ್ಕೆ ಇಳಿದರೆ ಡಾಕ್ಟರಿಗೆ ಒಯ್ಯಬೇಕು, ಅವರ ಫೋನ್ ನಂಬರು, ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಇದೆ ಎಂಬ ಸಹಿ, ಇಷ್ಟನ್ನೂ ಬರೆದು ಪೆಟ್ಟಿಗೆಯ ಪಕ್ಕಕ್ಕೇ ಅಂಟಿಸಿ ಹೊರಡಿ. ವಿಮಾನ ಹತ್ತುವ ಹಿಂದಿನ ವಾರ ಅವರನ್ನು ಒಂದು ಸಲ ಮನೆಗೆ ಕರೆದು, ಅವರ ಕೈಯಲ್ಲೇ ತೂಕ ಮಾಡಿಸಿ ನೋಡಿ.